ಹರಾಜು ಕೂಗುವ ಹಫೀಜನ ಗಂಟಲು

ಶ್ರೀರಂಗಪಟ್ಟಣ
12 ಜನವರಿ 2025

ಶಸ್ತ್ರಚಿಕಿತ್ಸಾ ಸಾಮ್ರಾಜ್ಯದ ಭಾವಿ ಚಕ್ರವರ್ತಿನಿ, ನನ್ನ ತಂಗಿಯ ಏಕಮಾತ್ರ ಪುತ್ರಿ, ನಾಗಮಂಗಲದ ಆಸ್ಪತ್ರೆಯಲ್ಲಿ ಊಟ ನಿದ್ದೆ ಬಿಟ್ಟು ದುಡಿಯುತ್ತಿರುವ ಡಾಕ್ಟರ್ ಮಹೇಕ್‌ಗೆ, ಡ್ರಾಮಾ ಮಾಸ್ಟರ್ ಶಹಾಬುದ್ದೀನನ ಸಹಸ್ರ ಸಲಾಮುಗಳು!

ನೀನು ಫೇಲಾದ ಸುದ್ದಿ ನಿನ್ನ ಅಮ್ಮನ ಬಾಯಿಂದ ನಿನ್ನ ಮಾಮಿಯ ಕಿವಿಗೂ, ಅಲ್ಲಿಂದ ನನ್ನ ಕಿವಿಗೂ ಬಂದು ಬಿತ್ತು. ಬೀಳಲಿ! ಶೀಳನೆರೆಯ ನಾಟಕದಲ್ಲಿ ರಾಜಪಾರ್ಟಿನ ಸಂತೋಷ್ ಮೊದಲ ವರ್ಷ ಸಿಂಹಾಸನದಲ್ಲಿ ಕೂರಲು ಹೋಗಿ ನನ್ನ ಹಾರ್ಮೋನಿಯಂ ಮೇಲೆ ಕೂತ. ಮರುವರ್ಷ ಅದೇ ಸಂತೋಷನಿಗೆ ಜನ ಮೂರು ಸಲ ಒನ್ಸ್ ಮೋರ್ ಕೂಗಿದರು. ಹಾರ್ಮೋನಿಯಂ ಮಾತ್ರ ಇವತ್ತಿಗೂ ಎರಡು ಸ್ವರ ನುಡಿಯುವುದಿಲ್ಲ, ಅದು ಬೇರೆ ಕಥೆ.

ಆದರೆ ಮಾಮಿ ಹೇಳಿದ ಇನ್ನೊಂದು ಮಾತು ಕೇಳಿ ಕೂತಲ್ಲಿಂದ ಎದ್ದು ನಿಂತೆ. ಆ ಪರೀಕ್ಷೆಯಲ್ಲಿ ಎದುರು ಕೂರುವ ರೋಗಿಗಳು ರೋಗಿಗಳೇ ಅಲ್ಲವಂತೆ. ನಟರಂತೆ! ಯಾ ಅಲ್ಲಾ! ನಲವತ್ತು ವರ್ಷ ಮುಖಕ್ಕೆ ಬಣ್ಣ ಹಚ್ಚಿದ, ಕೆ.ಆರ್.ಪೇಟೆ ತಾಲ್ಲೂಕಿನ ಅರ್ಧ ಊರುಗಳಿಗೆ ನಾಟಕ ಕಲಿಸಿದ ಸೋದರಮಾವನನ್ನು ಮನೆಯಲ್ಲಿಟ್ಟುಕೊಂಡು ಒಂದು ಮಾತು ಕೇಳಲಿಲ್ಲವಲ್ಲ ನೀನು!

ಆದ್ದರಿಂದ ಆಜ್ಞೆ ಕೇಳು. ಇಂದಿನಿಂದ ನಾನು ಕಾಗದದಲ್ಲಿ ರೋಗಿಯಾಗಿ ಬರುತ್ತೇನೆ. ನೀನು ಕಾಗದದಲ್ಲೇ ಡಾಕ್ಟರಾಗಿ ಉತ್ತರ ಬರೆ. ಮನೆಯಲ್ಲಿ ಆಡುವುದು ಉರ್ದುವಾದರೂ ನಮ್ಮಿಬ್ಬರಿಗೂ ಬರೆಯಲು ಬರುವುದು ಕನ್ನಡವೊಂದೇ, ಹಾಗಾಗಿ ತೊಂದರೆಯಿಲ್ಲ. ಫೋನು ಮಾತ್ರ ಬೇಡ. ನನ್ನ ಧ್ವನಿಗೆ ಆ ಪುಟ್ಟ ಡಬ್ಬಿ ಒಡೆದೇ ಹೋದೀತು. ನಾಗಮಂಗಲ ಬಸ್ಸಿನ ಕಂಡಕ್ಟರ್ ದೇವರಾಜು ನಾಟಕದ ಹುಚ್ಚ. ಬೆಳಿಗ್ಗೆ ಅವನ ಕೈಗೆ ಕೊಟ್ಟರೆ ಮಧ್ಯಾಹ್ನದೊಳಗೆ ನಿನ್ನ ಆಸ್ಪತ್ರೆ ಗೇಟಿಗೆ ತಲುಪುತ್ತದೆ.

ಮೊದಲು ಇದು ಹೇಳು: ಯಾವ ಅಂಕದಲ್ಲಿ ಎಡವಿದೆ?

ನಿನ್ನ
ಮಾಮು


ನಾಗಮಂಗಲ
19 ಜನವರಿ 2025

ಪ್ರೀತಿಯ ಮಾಮು,

ಸಲಾಮ್. ನಿಮ್ಮ ಕಾಗದವನ್ನು ದೇವರಾಜಣ್ಣ ಗೇಟಿನಲ್ಲಿ ಕೊಡುವಾಗ ಹೊರರೋಗಿಗಳ ಸಾಲಿಗೇ ಕೇಳುವಂತೆ ‘ಚಕ್ರವರ್ತಿನಿ ಅಂದ್ರೆ ನೀವೇಯಾ?’ ಎಂದರು. ಲಕೋಟೆ ಅಂಟಿಸುವುದನ್ನು ಕಲಿಯಿರಿ.

ಪರೀಕ್ಷೆಯ ಹೆಸರು ಎಂ.ಆರ್.ಸಿ.ಎಸ್., ಇಂಗ್ಲೆಂಡಿನವರದು. ಸರ್ಜನ್ ಆಗುವ ದಾರಿಯಲ್ಲಿ ನಾನು ದಾಟಬೇಕೆಂದು ಹಟ ಹಿಡಿದಿರುವ ಹೊಳೆ. ಎರಡು ಪಾರ್ಟು, ನಿಮ್ಮ ಪಾರ್ಟಲ್ಲ. ಮೊದಲನೆಯದು ಬರೆಯುವುದು, ಅದು ಪಾಸಾಗಿದೆ. ಎರಡನೆಯದು ಚೆನ್ನೈನಲ್ಲಿ. ಸಾಲಾಗಿ ಕೋಣೆಗಳು. ಒಂದರಲ್ಲಿ ಮೂಳೆ ಇಟ್ಟು ಕೇಳುತ್ತಾರೆ, ಒಂದರಲ್ಲಿ ಹೊಲಿಗೆ ಹಾಕಿಸುತ್ತಾರೆ. ಕೆಲವು ನಿಮಿಷಕ್ಕೊಮ್ಮೆ ಗಂಟೆ ಬಾರಿಸುತ್ತದೆ, ಎದ್ದು ಮುಂದಿನ ಕೋಣೆಗೆ ಹೋಗಬೇಕು. ಕೆಲವು ಕೋಣೆಗಳಲ್ಲಿ ನಟರು ಕೂತಿರುತ್ತಾರೆ.

ನಾನು ಮುಗ್ಗರಿಸಿದ್ದು ಅಂಥ ಒಂದು ಕೋಣೆಯಲ್ಲಿ. ಎದುರಿಗಿದ್ದವನಿಗೆ ಅವನ ರಿಪೋರ್ಟು ಕೆಟ್ಟದಾಗಿದೆ ಎಂದು ಹೇಳಬೇಕಿತ್ತು, ಅಷ್ಟೇ. ನಾನು ಕೂತೆ, ನಮಸ್ಕಾರ ಎಂದೆ, ಆಮೇಲೆ ಬಾಯಿಗೆ ಬಂದದ್ದು: ‘ಜೊತೆಗೆ ಯಾರು ಬಂದಿದ್ದೀರಿ?’

ಅವನು ‘ಯಾರೂ ಇಲ್ಲ’ ಎಂದ. ನಾನು ‘ಹಾಗಾದರೆ ಮನೆಯವರನ್ನು ಕರೆದುಕೊಂಡು ಬನ್ನಿ’ ಎಂದೆ. ಅವನು ಮತ್ತೆ ಮತ್ತೆ ‘ನನಗೇನಾಗಿದೆ ಡಾಕ್ಟರ್?’ ಎಂದ. ನಾನು ಮತ್ತೆ ಮತ್ತೆ ಅಣ್ಣ ಇದ್ದಾರಾ, ಹೆಂಡತಿ ಇದ್ದಾರಾ ಎಂದು ಕೇಳಿದೆ. ಗಂಟೆ ಬಾರಿಸಿತು.

ಮಾಮು, ನಮ್ಮಲ್ಲಿ ನಾನು ನೋಡಿದ್ದು ಹಾಗೆಯೇ. ರೋಗಿಯ ಕಡೆಯವರನ್ನು ಹೊರಗೆ ಕರೆದು ಹೇಳುತ್ತೇವೆ. ಮೈ ಯಾರದೋ ಅವರಿಗೊಬ್ಬರಿಗೆ ಬಿಟ್ಟು ಉಳಿದವರಿಗೆಲ್ಲ ಗೊತ್ತಿರುತ್ತದೆ. ಪರೀಕ್ಷೆ ಇಂಗ್ಲಿಷಿನಲ್ಲಿ, ಆದರೆ ನಾನು ತಪ್ಪಿದ್ದು ಇಂಗ್ಲಿಷಿನಲ್ಲಲ್ಲ. ಮತ್ತೆ ಮೇ ತಿಂಗಳಲ್ಲಿ ಹೋಗಬೇಕು. ಮೂಳೆಗೂ ಹೊಲಿಗೆಗೂ ಭಯವಿಲ್ಲ, ಆ ಕುರ್ಚಿಗೆ ಭಯ.

ಕಳಿಸಿ ನಿಮ್ಮ ರೋಗಿಗಳನ್ನು.

ನಿಮ್ಮ
ಮಹೇಕ್


ಶ್ರೀರಂಗಪಟ್ಟಣ
2 ಫೆಬ್ರವರಿ 2025

ವೈದ್ಯಶಿರೋಮಣಿಯೇ!

ಬೆಳಕು ಮಂದವಾಗುತ್ತದೆ. ಪ್ರವೇಶ: ಪಾಂಡವಪುರದ ಶೋಯಬ್, ಕಬ್ಬಿನ ಟ್ರಾಕ್ಟರು ಓಡಿಸುವವನು, ವಯಸ್ಸು ಇಪ್ಪತ್ತಾರು, ಹೊಟ್ಟೆ ಹಿಡಿದುಕೊಂಡು.

ಶೋಯಬ್: ಅಯ್ಯೋ! ನನ್ನ ಉದರದಲ್ಲಿ ಅಗ್ನಿಪರ್ವತವೊಂದು ಬಾಯ್ದೆರೆದಿದೆ! ಪ್ರಾತಃಕಾಲ ನಾಭಿಯ ಬಳಿ ಜನಿಸಿದ ವೇದನೆ ಮಧ್ಯಾಹ್ನಕ್ಕೆ ಬಲಭಾಗಕ್ಕೆ ದಂಡೆತ್ತಿ ಬಂದಿದೆ! ಅನ್ನವೇ ವೈರಿ! ನೀರೇ ಶತ್ರು! ಓ ಟ್ರಾಕ್ಟರೇ, ಇನ್ನು ನಿನ್ನನ್ನು ಯಾರು ನಡೆಸುವರು! (ಇಲ್ಲಿ ಬೀಳುವುದು. ಜನ ಚಪ್ಪಾಳೆ ತಟ್ಟಿದರೆ ಎದ್ದು ಮತ್ತೆ ಬೀಳುವುದು.)

ಏನು ರೋಗ? ಹೇಗಿದೆ ನಟನೆ? ನೂರಕ್ಕೆ ಎಷ್ಟು?

ಮಾಮು


ನಾಗಮಂಗಲ
9 ಫೆಬ್ರವರಿ 2025

ಪ್ರೀತಿಯ ಮಾಮು,

ಅಪೆಂಡಿಕ್ಸ್. ಶೋಯಬ್‌ನನ್ನು ಈಗಲೇ ಅಡ್ಮಿಟ್ ಮಾಡಿದೆ, ಟ್ರಾಕ್ಟರಿಗೆ ಬೇರೆ ಡ್ರೈವರನ್ನು ನೋಡಿಕೊಳ್ಳಲಿ. ನಟನೆಗೆ ನೂರಕ್ಕೆ ಹದಿನೆಂಟು. ಪಾಂಡವಪುರದಲ್ಲಿ ಯಾರ ಉದರವೂ ನೋಯುವುದಿಲ್ಲ. ‘ಒಟ್ಟೆ ಕಿವುಚ್ತಾದೆ ಡಾಕ್ಟ್ರೇ’ ಅಂತಾರೆ. ನಿಜವಾಗಿ ನೋಯುತ್ತಿರುವವನು ಬೀಳುವುದೂ ಇಲ್ಲ, ಅಲ್ಲಾಡದೆ ಮಲಗುತ್ತಾನೆ.

ಈ ವಾರ ನಾನೂ ಫೇಲಾದೆ, ಚೆನ್ನೈಗೆ ಹೋಗದೆಯೇ. ಚಿಕ್ಕಬೋರಮ್ಮ ಎಂಬ ಅಜ್ಜಿ ಬಂದಿದ್ದಾರೆ, ಎದೆಯಲ್ಲಿ ಗಂಟು. ರಿಪೋರ್ಟು ಬಂತು, ಒಳ್ಳೆಯದಲ್ಲ. ಇವತ್ತು ನೇರವಾಗಿ ಅಜ್ಜಿಗೇ ಹೇಳುತ್ತೇನೆಂದು ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತೆ. ಅಷ್ಟರಲ್ಲಿ ಮಗ ಚಿಕ್ಕಸ್ವಾಮಿ, ‘ಡಾಕ್ಟ್ರೇ, ವಸಿ ಒರಗೆ ಬನ್ನಿ. ಅವ್ವುಂಗೆ ಮಾತ್ರ ಯೋಳ್ಬುಡಬೇಡಿ, ಎದೆ ಒಡ್ಕಂಡ್ಬುಡ್ತಳೆ’ ಎಂದು ಕೈ ಮುಗಿದ. ಹೋದೆ, ಮಾಮು. ಎದ್ದು ಹೋದೆ.

ಮಾರನೆಯ ದಿನ ಅಜ್ಜಿ ಕೇಳಿದರು: ‘ಒರಗೆ ಏನಂದ ನನ್ ಮಗ?’

‘ಏನಿಲ್ಲ ಅಜ್ಜಿ.’

‘ಏನಿಲ್ದಿದ್ರೆ ಬೆಳಿಗ್ಗಿಂದ ಅವನು ನಂಗೆ ಒಂದ್ಸಲನೂ ಬಯ್ದಿಲ್ಲ, ಯಾಕವ್ವ?’

ನಾನು ಅವರ ರಕ್ತದೊತ್ತಡ ನೋಡಿದೆ. ಅದು ಸರಿಯಾಗಿತ್ತು.

ಇನ್ನೊಬ್ಬ ರೋಗಿಯನ್ನು ಕಳಿಸಿ. ಈ ಸಲ ಬೀಳದವನನ್ನು.

ಮಹೇಕ್


ಶ್ರೀರಂಗಪಟ್ಟಣ
23 ಫೆಬ್ರವರಿ 2025

ಮಹೇಕ್ ಬೇಟಿ,

ಎರಡನೆಯ ರೋಗಿ.

ಹೆಸರು ಹಫೀಜ್. ವಯಸ್ಸು ಐವತ್ತೆಂಟು. ಪಾಂಡವಪುರದ ಮಂಡಿಯಲ್ಲಿ ಬೆಲ್ಲದ ಹರಾಜು ಕೂಗುವ ಕೆಲಸ. ಮೂರು ತಿಂಗಳಿಂದ ಧ್ವನಿ ಒಡೆದಿದೆ. ನೋವಿಲ್ಲ. ಊಟ ಸೇರುತ್ತದೆ. ಮೊದಲು ಶೀತ ಅಂದುಕೊಂಡ, ಆಮೇಲೆ ಕೂಗಿದ್ದು ಜಾಸ್ತಿಯಾಯಿತು ಅಂದುಕೊಂಡ. ಶುಂಠಿ ಕಷಾಯ ಕುಡಿದ, ಜೇನು ನೆಕ್ಕಿದ. ಬೆಳಿಗ್ಗೆ ಎದ್ದಾಗ ಸ್ವಲ್ಪ ಸರಿಯಿದೆ ಅನ್ನಿಸುತ್ತದೆ, ಮೊದಲ ಮಾತಿಗೇ ಗೊತ್ತಾಗಿಬಿಡುತ್ತದೆ. ಬೀಡಿ ದಿನಕ್ಕೊಂದು ಕಟ್ಟು ಇತ್ತು, ಈಗ ಅರ್ಧ.

ಮನೆಯಲ್ಲಿ ಜಾಸ್ತಿ ಮಾತಾಡುವುದಿಲ್ಲ. ಹೆಂಡತಿ ಇವನಿಗೆ ಏನೋ ಕೋಪ ಅಂದುಕೊಂಡಿದ್ದಾಳೆ.

ಒಬ್ಬನೇ ಬಂದಿದ್ದಾನೆ.

ಮಾಮು


ನಾಗಮಂಗಲ
2 ಮಾರ್ಚ್ 2025

ಪ್ರೀತಿಯ ಮಾಮು,

ನೂರಕ್ಕೆ ತೊಂಬತ್ತಾರು!

ಎದ್ದು ನಿಂತು ಚಪ್ಪಾಳೆ ತಟ್ಟಿದೆ. ವಾರ್ಡಿನ ಸಿಸ್ಟರ್ ಪ್ರಮೀಳಾ ಅವರಿಗೂ ಓದಿ ಹೇಳಿದೆ, ‘ಈ ಮನುಷ್ಯನ್ನ ನಾನು ನೋಡಿದ್ದೀನಿ ಅನ್ನಿಸ್ತದೆ’ ಎಂದರು. ಒಂದು ಅಲಂಕಾರವಿಲ್ಲ, ಒಂದು ಅಯ್ಯೋ ಇಲ್ಲ. ಹೆಂಡತಿ ಕೋಪ ಅಂದುಕೊಂಡಿದ್ದಾಳೆ ಎಂಬ ಸಾಲನ್ನು ಎಲ್ಲಿಂದ ತಂದಿರಿ? ನಲವತ್ತು ವರ್ಷ ರಾಜರನ್ನೇ ಆಡಿಸಿ ಇಂಥ ಪಾರ್ಟನ್ನು ಎಲ್ಲಿ ಬಚ್ಚಿಟ್ಟಿದ್ದಿರಿ? ನಾಲ್ಕು ಅಂಕ ಕಡಿಮೆ ಯಾಕೆಂದರೆ ಯಾರಿಗೂ ನೂರು ಕೊಡಬಾರದೆಂದು ನಮ್ಮ ಪ್ರೊಫೆಸರು ಹೇಳಿದ್ದಾರೆ.

ಈಗ ಡಾಕ್ಟರ ಉತ್ತರ. ‘ಹಫೀಜ್ ಸಾಹೇಬರೇ, ಮೂರು ವಾರ ಮೀರಿ ಧ್ವನಿ ಒಡೆದಿದ್ದರೆ, ಅದೂ ಬೀಡಿ ಸೇದುವವರಲ್ಲಿ, ನಾವು ಸುಮ್ಮನಿರುವುದಿಲ್ಲ. ಗಂಟಲೊಳಗೆ ಸಣ್ಣ ಕ್ಯಾಮೆರಾ ಬಿಟ್ಟು ನೋಡಬೇಕು. ಬರೀ ಊತ ಇರಬಹುದು. ಗಡ್ಡೆಯೂ ಇರಬಹುದು. ಬೇಗ ನೋಡಿದಷ್ಟೂ ನಿಮಗೆ ಲಾಭ. ಇದೇ ವಾರ ಬನ್ನಿ.’

ಹೇಗಿದೆ? ಜೊತೆಗೆ ಯಾರು ಅಂತ ಕೇಳಲೇ ಇಲ್ಲ ನೋಡಿದಿರಾ! ಇನ್ನೂ ಹತ್ತು ಹಫೀಜರನ್ನು ಕಳಿಸಿ.

ನಿಮ್ಮ ಶಿಷ್ಯೆ
ಮಹೇಕ್


ಶ್ರೀರಂಗಪಟ್ಟಣ
30 ಮಾರ್ಚ್ 2025

ಮಹೇಕ್ ಬೇಟಿ,

ತಡವಾಯಿತು. ರಂಜಾನಿನ ರೋಜಾ, ಅದರ ಜೊತೆಗೆ ಶೀಳನೆರೆಯ ಪ್ರಾಕ್ಟೀಸು. ಸಂತೋಷ್ ಈ ವರ್ಷ ಮೀಸೆ ಬಿಟ್ಟಿದ್ದಾನೆ, ಮಾತು ಬಿಟ್ಟಿದ್ದಾನೆ. ‘ಎಲೈ ಮಂತ್ರಿ’ ಎಂದು ಕೂಗಿ ಮುಂದೇನು ಅಂತ ನನ್ನ ಮುಖ ನೋಡುತ್ತಾನೆ. ನಾಳೆಯೋ ನಾಡಿದ್ದೋ ಹಬ್ಬ, ಬರುವೆಯಾ? ಓದುವುದಿದ್ದರೆ ಬೇಡ, ಮಾಮಿ ಶೀರ್‌ಖುರ್ಮಾ ದೇವರಾಜುವಿನ ಕೈಲಿ ಕಳಿಸುತ್ತಾಳೆ.

ನಿನ್ನ ಉತ್ತರವನ್ನು ಹಫೀಜನಿಗೆ ಓದಿ ಹೇಳಿದೆ. ಅವನದೊಂದು ಪ್ರಶ್ನೆ: ~~ಈ ನಾಟಕ ಮುಗಿಯುವ ತನಕ~~ ಬೆಲ್ಲದ ಹರಾಜು ಮುಗಿಯುವ ತನಕ ತಡೆದು, ಆಮೇಲೆ ಬಂದರೆ ಆಗದೇ? ಮೇ ಕೊನೆಯ ತನಕ? ಅವನ ಮನೆಯಲ್ಲಿ ಒಬ್ಬಳು ದೊಡ್ಡ ಪರೀಕ್ಷೆಗೆ ಓದುತ್ತಿದ್ದಾಳೆ, ಅವಳಿಗೆ ತೊಂದರೆ ಬೇಡ ಎನ್ನುತ್ತಾನೆ.

ಮಾಮು


ನಾಗಮಂಗಲ
6 ಏಪ್ರಿಲ್ 2025

ಪ್ರೀತಿಯ ಮಾಮು,

ಹಬ್ಬಕ್ಕೆ ಬರಲಾಗಲಿಲ್ಲ, ಡ್ಯೂಟಿ. ಶೀರ್‌ಖುರ್ಮಾ ಬಂತು, ಅರ್ಧ ಡಬ್ಬಿ ದೇವರಾಜಣ್ಣನ ಮೀಸೆಯಲ್ಲಿತ್ತು.

ಹಫೀಜ್ ಸಾಹೇಬರು ಪಕ್ಕಾ ನಮ್ಮ ರೋಗಿ, ಮುಂದೂಡುವುದರಲ್ಲಿ ನಿಪುಣರು. ಅವರಿಗೆ ಹೇಳಿ: ಆಗುವುದಿಲ್ಲ. ನಾಟಕದ ಗುಂಗಿನಲ್ಲಿ ನೀವು ಬೆಲ್ಲವನ್ನೇ ಮರೆತು ‘ನಾಟಕ’ ಎಂದು ಬರೆದು ಗೀಟು ಹಾಕಿದ್ದೀರಿ, ಅದಕ್ಕೆ ಎರಡು ಅಂಕ ಕಡಿತ.

ಇನ್ನು ಪರೀಕ್ಷೆ ಮುಗಿಯುವ ತನಕ ಬರೆಯುವುದಿಲ್ಲ. ದುವಾ ಮಾಡಿ.

ಮಹೇಕ್


ಚೆನ್ನೈ
14 ಮೇ 2025

ಮಾಮು,

ಪರೀಕ್ಷೆ ಮುಗಿಯಿತು. ಈ ಕಾಗದ ಅಂಚೆಯಲ್ಲಿ ಬರುತ್ತದೆ, ಬಹುಶಃ ನಾನೇ ಮೊದಲು ಬರುತ್ತೇನೆ. ಆದರೂ ಈಗಲೇ ಬರೆಯಬೇಕು.

ಆ ಕೋಣೆ ಬಂತು. ಕುರ್ಚಿಯಲ್ಲಿ ಐವತ್ತು ದಾಟಿದ ಒಬ್ಬರು. ನಾನು ಹಫೀಜ್ ಸಾಹೇಬರನ್ನು ಮನಸ್ಸಿನಲ್ಲಿಟ್ಟುಕೊಂಡು ಅವರ ಮುಖ ನೋಡಿಯೇ ಹೇಳಿದೆ. ಅವರ ಕೈ ನಡುಗಿತು, ಕಣ್ಣು ತುಂಬಿತು, ಎಲ್ಲವೂ ಆಗಬೇಕಾದ ಹೊತ್ತಿಗೆ ಸರಿಯಾಗಿ ಆಯಿತು. ಗಂಟೆ ಬಾರಿಸಿತು. ಅವರು ಕರವಸ್ತ್ರದಿಂದ ಮುಖ ಒರೆಸಿ, ನನಗೊಂದು ನಗೆ ಬೀರಿ, ಮುಂದಿನವರಿಗಾಗಿ ಅಂಗಿಯ ಕಾಲರು ಸರಿ ಮಾಡಿಕೊಂಡರು.

ಬಾಗಿಲಲ್ಲೇ ನಿಂತುಬಿಟ್ಟೆ. ನಟನೆ ಅಂದರೆ ಅದು. ನೀವು ಕಳಿಸಿದ ಶೋಯಬ್ ಅದು. ಹಫೀಜ್ ಅದಲ್ಲ. ನಿಮಗೆ ಸಣ್ಣ ದನಿಯಲ್ಲಿ ನಟಿಸಲು ಬರುವುದೇ ಇಲ್ಲ, ಮಾಮು.

ಹೊರಗೆ ಬಂದು ನಿಮಗೆ ಫೋನ್ ಮಾಡಿದೆ. ಮಾಮಿ ಎತ್ತಿದರು. ‘ಅವರು ಮಾತಾಡಲ್ಲ ಬೇಟಿ, ಯಾರ ಹತ್ತಿರಾನೂ ಮಾತಾಡಲ್ಲ’ ಎಂದರು. ದೇವರಾಜಣ್ಣನಿಗೆ ಮಾಡಿದೆ. ‘ಮೇಷ್ಟ್ರಾ? ಗಂಟಲೆಲ್ಲಿ ಅದೆ ಡಾಕ್ಟ್ರೇ! ಸಂಕ್ರಾಂತಿಗೂ ಮುಂಚಿಂದ ಸೀಟಿ ಊದ್ಕಂಡು, ಕೈ ಸನ್ನೇಲಿ ಪ್ರಾಕ್ಟೀಸ್ ಮಾಡಿಸ್ತಾವ್ರೆ. ನಿಮ್ಗೆ ಗೊತ್ತು ಅಂದ್ಕಂಡಿದ್ದೆ. ವಾರ ವಾರ ಕಾಗದ ಬತ್ತಿತ್ತಲ್ಲ!’

ಬಂದಿತ್ತು. ನಾನು ಅಂಕ ಹಾಕಿದೆ. ಸಿಸ್ಟರಿಗೆ ಓದಿ ಹೇಳಿ ಚಪ್ಪಾಳೆ ತಟ್ಟಿದೆ.

ಭಾನುವಾರ ಬರುತ್ತೇನೆ. ಸೋಮವಾರ ಮೈಸೂರಿಗೆ, ಗಂಟಲಿನ ಡಾಕ್ಟರ ಹತ್ತಿರ. ಶೀಳನೆರೆಯ ನಾಟಕ ಯಾವತ್ತಾದರೂ ಇರಲಿ.

ಮಹೇಕ್


ನಾಗಮಂಗಲ
20 ಜೂನ್ 2025

ಮಾಮು,

ಈ ಕಾಗದವನ್ನು ನಾಲ್ಕನೆಯ ಸಲ ಬರೆಯುತ್ತಿದ್ದೇನೆ.

ಕ್ಯಾಮೆರಾ ಬಿಟ್ಟು ತೆಗೆದ ಚೂರಿನ ರಿಪೋರ್ಟಿಗೆಂದು ಹೋದ ಹತ್ತನೆಯ ತಾರೀಕು, ಮೈಸೂರಿನಲ್ಲಿ ಗಂಟಲಿನ ಡಾಕ್ಟರು ನಿಮ್ಮನ್ನು ಬೆಂಚಿನ ಮೇಲೆ ಬಿಟ್ಟು ನನ್ನನ್ನೂ ಮಾಮಿಯನ್ನೂ ಒಳಗೆ ಕರೆದರು. ತಿರುಗಿ ಬಂದಾಗ ನೀವು ಹುಬ್ಬು ಎತ್ತಿ ಕೇಳಿದಿರಿ. ನಾನು ‘ರಿಪೋರ್ಟು ಇನ್ನೂ ಬಂದಿಲ್ಲ’ ಎಂದೆ. ಬಂದಿತ್ತು. ನನ್ನ ಚೀಲದಲ್ಲೇ ಇತ್ತು. ದಾರಿಯಲ್ಲಿ ಮಾಮಿ ನನ್ನ ಕೈ ಹಿಡಿದು ‘ನನ್ನ ಮೇಲೆ ಆಣೆ, ಅವರಿಗೆ ಹೇಳಬೇಡ, ಬಡಪಾಯಿ ತಡೆಯಲ್ಲ’ ಎಂದರು. ಅಮ್ಮನೂ ಅದನ್ನೇ ಹೇಳಿದಳು. ಹತ್ತು ದಿನ ಸುಮ್ಮನಿದ್ದೆ. ನಿನ್ನೆ ಚೆನ್ನೈ ಪರೀಕ್ಷೆಯ ಫಲಿತಾಂಶ ಬಂತು. ಪಾಸಾಗಿದ್ದೇನೆ. ಆ ಕೋಣೆಯಲ್ಲೂ. ಅದನ್ನು ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮಾಮು, ಅದು ಕ್ಯಾನ್ಸರ್. ಚಿಕ್ಕದು. ಎಡಗಡೆಯ ಧ್ವನಿತಂತುವಿನ ಮೇಲೆ ಮಾತ್ರ ಇದೆ, ಬೇರೆಲ್ಲೂ ಹೋಗಿಲ್ಲ. ಕರೆಂಟು ಕೊಡುತ್ತಾರೆ, ಅಂದರೆ ರೇಡಿಯೇಷನ್, ಮೈಸೂರಿನಲ್ಲಿ, ಸುಮಾರು ಆರು ವಾರ. ಈ ಹಂತದಲ್ಲಿ ಬಹಳ ಜನ ಗುಣವಾಗುತ್ತಾರೆ. ಧ್ವನಿ ಉಳಿಯುವ ಸಂಭವ ಚೆನ್ನಾಗಿದೆ, ಆದರೆ ಮೊದಲಿನ ಹಾಗೆಯೇ ಇರುತ್ತದೆಂದು ನಾನು ಮಾತು ಕೊಡಲಾರೆ. ಮಾರ್ಚಿನಲ್ಲೇ ನಾನು ಓದುವಂತೆ ಓದಿದ್ದರೆ ಮೂರು ತಿಂಗಳು ಮೊದಲೇ ಶುರುವಾಗುತ್ತಿತ್ತು.

ಕ್ಷಮಿಸಿ.

ಮಹೇಕ್


ಶ್ರೀರಂಗಪಟ್ಟಣ
22 ಜೂನ್ 2025

ಮಹೇಕ್ ಬೇಟಿ,

ಕಾಗದ ಮುಟ್ಟಿತು. ಮನೆ ಹಿಂದಿನ ಕಟ್ಟೆಯ ಮೇಲೆ ಕೂತು ಎರಡು ಸಲ ಓದಿದೆ.

ಮಾರ್ಚಿನ ಮಾತು ಬಿಡು. ಕಳ್ಳನಂತೆ ವೇಷ ಹಾಕಿ ಬಂದವನು ನಾನು. ಗುರುತು ಹಿಡಿಯಲಿಲ್ಲ ಅಂತ ಪ್ರೇಕ್ಷಕರನ್ನು ಬೈಯುವ ಹಾಗಿಲ್ಲ. ನಿನ್ನ ಪರೀಕ್ಷೆ ಮುಗಿಯಲಿ ಅಂತ ಕಾದೆ ಎಂದು ಎಲ್ಲರಿಗೂ ಹೇಳಿಕೊಳ್ಳಬಹುದು, ಕೇಳಲು ಚೆನ್ನಾಗಿರುತ್ತದೆ. ನಿಜ ಏನೆಂದರೆ ಹೆದರಿದ್ದೆ. ಹಫೀಜನ ಗಂಟಲಿಗೆ ನೀನೇನು ಹೇಳುತ್ತೀಯೋ ಕೇಳಿಕೊಂಡು, ನನ್ನ ಗಂಟಲಿಗೆ ಅನ್ವಯಿಸದೆ ತಪ್ಪಿಸಿಕೊಳ್ಳೋಣ ಅಂದುಕೊಂಡಿದ್ದೆ.

ಚೆನ್ನೈಯವರು ಪಾಸು ಮಾಡಿದ್ದಾರೆ. ಮುಬಾರಕ್! ಆದರೆ ನಾನು ಮಾಡಿಲ್ಲ. ಪಾರ್ಟು ಬರೆದ ಹಾಳೆಯನ್ನು ಓದಿಕೊಳ್ಳಿ ಅಂತ ಜನರ ಕೈಗೆ ಹಂಚಿದರೆ ಅದು ನಾಟಕವಾಗುವುದಿಲ್ಲ. ಮುಂದಿನ ಭಾನುವಾರ ಬಾ. ಎದುರಾಬದುರು ಎರಡು ಕುರ್ಚಿ ಹಾಕಿರುತ್ತೇನೆ. ಏನೂ ಗೊತ್ತಿಲ್ಲದವನಂತೆ ನಟಿಸುವುದಿಲ್ಲ, ಸಾಕಾಗಿದೆ. ಗೊತ್ತಿದ್ದೇ ಕೂತಿರುತ್ತೇನೆ. ಆದರೂ ನೀನು ಬಾಯಿ ಬಿಟ್ಟು ಹೇಳು. ಕಾಗದದಲ್ಲಿ ಓದಿದಾಗ ಅದು ಇನ್ಯಾರದೋ ಗಂಟಲಿನ ಹಾಗೇ ಇತ್ತು.

ಮುಂದೆ ನೀನು ಎಷ್ಟೋ ಜನರ ಮುಂದೆ ಕೂತು ಇಂಥದ್ದನ್ನು ಹೇಳಬೇಕು. ಮೊದಲನೆಯವನು ನಾನಾಗಿರಲಿ.

ಮಾಮು


ಶ್ರೀರಂಗಪಟ್ಟಣ
2 ಜುಲೈ 2025

ಶಸ್ತ್ರಚಿಕಿತ್ಸಾ ಸಾಮ್ರಾಜ್ಯದ ಪಟ್ಟಾಭಿಷಿಕ್ತ ಚಕ್ರವರ್ತಿನಿಗೆ!

ಭಾನುವಾರದ ವಿಮರ್ಶೆ ಬರೆಯಬೇಕೆಂದು ಮೂರು ದಿನದಿಂದ ಲೇಖನಿ ಹಿಡಿದಿದ್ದೇನೆ. ಶುರುವಿನಲ್ಲಿ ನೀನು ತಡವರಿಸಿದೆ. ‘ಮಾಮು’ ಅಂದೆ, ನಿಲ್ಲಿಸಿದೆ, ನೀರು ಕುಡಿದೆ, ಮತ್ತೆ ‘ಮಾಮು’ ಅಂದೆ. ಅಲ್ಲಿಯ ತನಕ ನೂರಕ್ಕೆ ಮೂವತ್ತು. ಆಮೇಲೆ ಆ ಪದ ಹೇಳಿದೆ. ಅಡುಗೆಮನೆಯಲ್ಲಿ ನಿನ್ನ ಮಾಮಿ ಕೈಯಲ್ಲಿದ್ದ ದಬರಿಯನ್ನು ಬೀಳಿಸಿದಳು, ಬೀದಿ ನಾಯಿ ಎದ್ದು ಬೊಗಳಿತು. ನೀನು ಆ ಕಡೆ ತಿರುಗಲಿಲ್ಲ. ನನ್ನನ್ನೇ ನೋಡುತ್ತಿದ್ದೆ. ಸಮಾಧಾನದ ಮಾತು ಒಂದೂ ಆಡದೆ, ನಾನು ಕೇಳುವ ತನಕ ಸುಮ್ಮನೆ ಕೂತಿದ್ದೆ. ಅಷ್ಟು ಹೊತ್ತು ರಂಗದ ಮೇಲೆ ಮಾತಿಲ್ಲದೆ ಕೂರು ಅಂದರೆ ಸಂತೋಷ್ ಓಡಿಹೋಗುತ್ತಾನೆ.

ನಾನು ಕೇಳಿದ್ದು ಧ್ವನಿಯ ಬಗ್ಗೆ ಅಲ್ಲ, ನೋಡಿದೆಯಾ? ‘ಇನ್ನೊಂದು ವರ್ಷ ಇರ್ತೀನಾ?’ ಅಂತ. ಅಂಥದ್ದೊಂದು ಪ್ರಶ್ನೆ ನನ್ನೊಳಗೆ ಇತ್ತು ಅಂತ ನನಗೇ ಗೊತ್ತಿರಲಿಲ್ಲ. ನೀನು ಗೊತ್ತಿದ್ದದ್ದನ್ನು ಗೊತ್ತು ಅಂದೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದೆ. ಅವತ್ತು ನವೆಂಬರಿನ ನಂತರ ಮೊದಲ ಸಲ ಮಧ್ಯಾಹ್ನ ಊಟ ಮಾಡಿ ಮಲಗಿ ಗೊರಕೆ ಹೊಡೆದೆನಂತೆ. ಸಾಕ್ಷಿ ನಿನ್ನ ಮಾಮಿ.

ನೀನು ಬಸ್ಸು ಹತ್ತಿದ ಮೇಲೆ ನಿನ್ನ ಕುರ್ಚಿಯಲ್ಲಿ ಅವಳನ್ನು ಕೂರಿಸಿದೆ. ಇಮಾಮ್ ಬೀ, ನನಗೆ ಎಲ್ಲ ಗೊತ್ತು, ಇನ್ನು ನೀನು ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿಕೊಂಡು ಅಳಬೇಕಾಗಿಲ್ಲ, ಇಲ್ಲೇ ಅಳು ಅಂದೆ. ಅವಳು ಅಳಲಿಲ್ಲ. ಶುರು ಮಾಡಿದಳು, ಬೇಟಿ! ಬೀಡಿಯಿಂದ ಶುರು ಮಾಡಿದಳು. ಶೀಳನೆರೆಗೆ ಹೋದಳು, ಕಿಕ್ಕೇರಿಗೆ ಬಂದಳು, ಹಬ್ಬದ ದಿನವೂ ಮನೆಯಲ್ಲಿರದ ನಾಟಕಗಳನ್ನೆಲ್ಲ ಒಂದೊಂದಾಗಿ ಹೆಸರಿಸಿದಳು, ಆರು ತಿಂಗಳು ಮುಖ ಗಂಟು ಹಾಕಿಕೊಂಡು ಕೂತಿರಲ್ಲ, ನಾನೇನು ತಪ್ಪು ಮಾಡಿದೆನೋ ಅಂತ ಎಷ್ಟು ದಿನ ಅನ್ನ ಬಿಟ್ಟೆ ಗೊತ್ತಾ ಎಂದು ಕೇಳಿದಳು. ಪೂರಾ ಇಪ್ಪತ್ತು ನಿಮಿಷ! ನಡುವೆ ಬಾಯಿ ಹಾಕಲು ನನಗೆ ಗಂಟಲಿಲ್ಲ. ಮದುವೆಯಾಗಿ ಮೂವತ್ತನಾಲ್ಕು ವರ್ಷದಲ್ಲಿ ಅವಳ ಮಾತು ಕೊನೆಯ ತನಕ ಮುಗಿದದ್ದು ಇದೇ ಮೊದಲು.

ಎಷ್ಟು ಚೆನ್ನಾಗಿ ಬೈಯುತ್ತಾಳೆ ಗೊತ್ತೇನೇ! ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ದನಿ ಎಲ್ಲಿ ಇಳಿಸಬೇಕು, ಯಾರೂ ಹೇಳಿಕೊಟ್ಟಿಲ್ಲ. ನಾನು ಬಾಯಿ ತೆರೆದುಕೊಂಡು ನೋಡುತ್ತಾ ಕೂತೆ.

ಸೋಮವಾರ ಮೊದಲ ಕರೆಂಟು. ಅವಳೇ ಕರೆದುಕೊಂಡು ಹೋಗುತ್ತಾಳಂತೆ. ಡಾಕ್ಟರಿಗೆ ಕೇಳಬೇಕಾದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆಸಿಕೊಂಡಿದ್ದಾಳೆ, ಬರೆದುಕೊಟ್ಟವನು ನಾನು. ಹನ್ನೊಂದು ಪ್ರಶ್ನೆಗಳಿವೆ. ಒಂಬತ್ತನೆಯದು, ಆರು ವಾರ ಆದ ಮೇಲೂ ಇವರು ಇನ್ನೊಂದು ಸ್ವಲ್ಪ ದಿನ ಮಾತಾಡದೆ ಇದ್ದರೆ ಒಳ್ಳೆಯದಲ್ಲವೇ ಅಂತ.

ನಿನ್ನ
ಮಾಮು